ಗಾಜು ಬೇಡವೆಂದ ಬೇಟೆಗಾರ

ಬಂದೂಕಿನ ಇತಿಹಾಸ ಬರೆಯುವವರು ದುರ್ಬೀನಿನ ಶಕ್ತಿಯನ್ನು ಅಳೆಯುತ್ತಾರೆ, ಅದರ ಮುಚ್ಚಳವನ್ನು ಮರೆಯುತ್ತಾರೆ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನೊಳಗೆ ನುಗ್ಗಿತು. ಆ ಚಳಿಗಾಲ ಕೊಲ್ಲಾ ನದಿಯ ಬಳಿ ಹಿಮದಲ್ಲಿ ಹೊಂಚು ಹಾಕಿ ಮಲಗುತ್ತಿದ್ದ ಸಿಮೊ ಹೈಹಾನ ಬಂದೂಕಿಗೆ ದುರ್ಬೀನೇ ಇರಲಿಲ್ಲ. ರೈತನೂ ಬೇಟೆಗಾರನೂ ಆಗಿದ್ದ ಆತ ಬರಿಯ ಕಬ್ಬಿಣದ ಗುರಿಕಣ್ಣನ್ನೇ ನಂಬಿದ್ದ.

ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ಅದನ್ನು ತಗ್ಗಿಸುವ ಲೇಪನವನ್ನು ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲೇ ಕಂಡುಕೊಂಡಿದ್ದರೂ ಅದು ಜರ್ಮನಿಯ ಸೇನಾ ಗುಟ್ಟಾಗಿತ್ತು. ಇನ್ನು ಮುಚ್ಚಳ. ಆ ಕಾಲದ ಜರ್ಮನ್ ದುರ್ಬೀನುಗಳಿಗೆ ಪಟ್ಟಿಯಿಂದ ಜೋಡಿಸಿದ ಎರಡು ಚರ್ಮದ ಟೊಪ್ಪಿಗಳಿರುತ್ತಿದ್ದವು. ಹಿಮ, ಕೆಸರು, ಗೀರುಗಳಿಗೆ ಅವು ಸಾಕು. ಆದರೆ ಗುರಿಯಿಡುವ ಹೊತ್ತಿಗೆ ತೆಗೆಯಲೇಬೇಕಲ್ಲ! ತೆಗೆಯಲು ಕೈಯಾಡಿಸಬೇಕು, ತೆಗೆದರೆ ಉಸಿರು ತಾಗಿ ಮಂಜು, ಬಿಸಿಲು ತಾಗಿ ಹೊಳಪು. ಸಾಲದ್ದಕ್ಕೆ, ದುರ್ಬೀನಿನಲ್ಲಿ ನೋಡಲು ತಲೆಯನ್ನು ತುಸು ಎತ್ತಬೇಕು. ಉಸಿರಿನ ಹಬೆ ಕಾಣದಿರಲೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದವನಿಗೆ ಇದು ದುಬಾರಿ ಬೆಲೆ.

ಇಂದಿನ ಬೇಟೆಗಾರನ ಮುಂದಿರುವ ಆಯ್ಕೆಯೂ ಇದೇ ಜಗಳದ ಮುಂದುವರಿಕೆ. ಪಾರದರ್ಶಕ ಮುಚ್ಚಳ ಮಳೆ ತಡೆಯುತ್ತದೆ, ತಾನೇ ಹೊಳೆಯುತ್ತದೆ. ಜೇನುಗೂಡಿನಂಥ ಜಾಲರಿ ಹೊಳಪು ಅಡಗಿಸುತ್ತದೆ, ಮಳೆ ತಡೆಯದು. ಥಟ್ಟನೆ ತೆರೆಯುವ ಮುಚ್ಚಳ ಸಮಯ ಉಳಿಸುತ್ತದೆ, ಸದ್ದು ಮಾಡಬಹುದು.

ಹೈಹಾನ ಲೆಕ್ಕಕ್ಕೆ ಸೇರಿದ 500ಕ್ಕೂ ಹೆಚ್ಚು ಸಾವುಗಳನ್ನು ಕ್ರಿಕೆಟ್ ಸ್ಕೋರಿನಂತೆ ಹೇಳುವ ಬರಹಗಳು ನನಗೆ ಹಿಡಿಸುವುದಿಲ್ಲ. 1940ರ ಮಾರ್ಚ್ 6ರಂದು ಗುಂಡೊಂದು ಅವನ ದವಡೆಯನ್ನೇ ಸೀಳಿತು. ಬದುಕಿ ಉಳಿದ ಆತ ಮತ್ತೆ ಬೇಸಾಯಕ್ಕೆ, ಕಡವೆಯಂಥ ಮೂಸ್‌ನ ಬೇಟೆಗೆ ಮರಳಿದ; ತೀರಿಕೊಂಡದ್ದು 2002ರಲ್ಲಿ.