ಸುರಪುರದ ಅರಮನಿ, ರಾಣಿ ಈಶ್ವರಮ್ಮನ ಗುಟ್ಟು

ಹೋದ ವಾರ ನಮ್ಮ ಅತ್ತಿ, ನಾದಿನಿ, ಮಕ್ಕಳು ಎಲ್ಲಾರೂ ಕೂಡಿ ಸುರಪುರಕ್ಕ ಹೋಗಿದ್ದಿವ್ರಿ. ಸುತ್ತ ಗುಡ್ಡ, ನಡುವ ಊರು. ವೇಣುಗೋಪಾಲಸ್ವಾಮಿಗೆ ಕೈಮುಗುದು ಅರಮನಿ ಕಡೆ ನಡದಿವಿ. ಗಚ್ಚು ಉದುರಿದ ಗ್ವಾಡಿ ನೋಡಿ ಅತ್ತಿ, "ಇಲ್ಲಿ ಹೆಣ್ಣಮಕ್ಕಳು ಎಲ್ಲಿ ಇರತಿದ್ರವಾ?" ಅಂತ ಕೇಳಿದ್ರು. ಆ ಮಾತು ಮನಿಗೆ ಬಂದರೂ ತಲ್ಯಾಗಿಂದ ಹೋಗಲಿಲ್ಲ.

ಗಂಡಸರ ಕಥಿ ನಮಗೆಲ್ಲ ಗೊತ್ತದ. ಕೃಷ್ಣಾ-ಭೀಮಾ ನಡುವಿನ ಈ ಸೀಮಿ ಬೇಡ ನಾಯಕರದು. ಲಂಬಾಣಿಗರು ಎತ್ತಿನ ಮ್ಯಾಲ ಕಾಳು, ಉಪ್ಪು ಹೇರಿಕೊಂಡು ದಖ್ಖಣದ ತುಂಬಾ ತಿರುಗತಿದ್ದ ಕಾಲ ಅದು. 1705ರಾಗ 86 ವರ್ಷದ ಔರಂಗಜೇಬ ತಾನೇ ಬಂದು ಇಲ್ಲೇ ಹತ್ತಿರದ ವಾಗಣಗೇರಾ ಕೋಟಿಗೆ ಮುತ್ತಿಗಿ ಹಾಕಿದ. ಕೋಟಿ ಕೈಗೆ ಬರಬೇಕಾದರ ತಿಂಗಳುಗಟ್ಟಲೆ ಹಿಡೀತು. ಅದೇ ಅವನ ಕಡೀ ಮುತ್ತಿಗಿ. ಆಮ್ಯಾಲ ನಾಯಕರಿಗೆ ಸುರಪುರನೇ ರಾಜಧಾನಿ ಆಯಿತು.

ಈಗ ಹೆಣ್ಣಮಗಳ ಕಥಿಗೆ ಬರೋಣ. 1842ರ ಹೊತ್ತಿಗೆ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಸಣ್ಣ ಕೂಸು, ಎಂಟು ವರ್ಷದವ. ರಾಣಿ ಈಶ್ವರಮ್ಮ ರಾಜ್ಯ ತಾನೇ ನಡಸಬೇಕಂತ ಹಟ ಹಿಡದಳು. ಆದ್ರ ಬ್ರಿಟಿಷರು ಮೆಡೋಸ್ ಟೇಲರ್ ಅನ್ನೋ ಅಧಿಕಾರಿನ ಕಳಿಸಿದ್ರು. ಅವ ಗುಡ್ಡದ ಮ್ಯಾಲ ಬಂಗಲೆ ಕಟ್ಟಿಸಿಕೊಂಡು 1853ರ ತನಕ ಆಡಳಿತ ನಡಸಿದ. ಹುಡುಗ ಅವನನ್ನ "ಅಪ್ಪಾ" ಅಂತಿದ್ದ. ಇಬ್ಬರಿಗೂ ಮಾಯಾ ಇತ್ತು.

ಆದ್ರ ರಾಣಿ ಹೊಟ್ಟ್ಯಾಗ ಒಂದು ಗುಟ್ಟು ಕುದೀತಿತ್ತು. ಒಮ್ಮೆ ಜಡ್ಡು ಬಿದ್ದಾಗ ಆಕಿ ಟೇಲರನ್ನ ಕರಸಿ, ಮಗನ ಜಾತಕದೊಳಗಿನ ಮಾತು ಹೇಳಿದಳು: ಅವ ತನ್ನ ಇಪ್ಪತ್ನಾಕನೇ ವರ್ಷ ದಾಟೂದಿಲ್ಲ! ಇದನ್ನ ಟೇಲರೇ ತನ್ನ ಆತ್ಮಕಥಿಯೊಳಗ ಬರದಾನ.

1858ರ ಫೆಬ್ರವರಿಯಾಗ ಸುರಪುರದ ಮ್ಯಾಲ ಬ್ರಿಟಿಷ್ ದಂಡು ಬಂತು. ಕ್ಯಾಪ್ಟನ್ ನ್ಯೂಬೆರಿ ಅನ್ನಾವ ಲಡಾಯಿಯೊಳಗ ಸತ್ತ. ವೆಂಕಟಪ್ಪ ಹೈದರಾಬಾದಿಗೆ ಹೋದ, ಅಲ್ಲೇ ಸಿಕ್ಕಿಬಿದ್ದ. ಮರಣದಂಡನೆ ಕಡಿಮಿ ಮಾಡಿ ಕಡೀಕ ನಾಲ್ಕು ವರ್ಷ ಸೆರಿವಾಸ ಅಂತಾಯಿತು. ಒಯ್ಯೋ ದಾರ್‍ಯಾಗೇ ಗುಂಡು ಬಡದು ತೀರಿಕೊಂಡ. ತಾನೇ ಹೊಡಕೊಂಡ ಅಂತ ಅವರು ಬರದಾರ. ಅವರೇ ಹೊಡದಾರ ಅಂತ ನಮ್ಮ ಜನ ಇವತ್ತಿಗೂ ಅಂತಾರ. ವಯಸ್ಸು ಮಾತ್ರ ಜಾತಕ ಹೇಳಿದ್ದೇ!

ನನಗ ಜಾತಕದ ಚಿಂತಿ ಇಲ್ರಿ. ನನಗ ಚುಚ್ಚಿದ್ದು ಬ್ಯಾರೆ. ಟೇಲರ್ ರಾಣಿ ಬಗ್ಗೆ ಕೆಟ್ಟದ್ದೇ ಹೆಚ್ಚು ಬರದಾನ: ಖರ್ಚಿನಾಕಿ, ಹಟಮಾರಿ, ನಡತಿ ನೆಟ್ಟಗಿಲ್ಲ ಅಂತ. ಗಂಡ ಸತ್ತ ಹೆಣ್ಣಮಗಳು ಅಧಿಕಾರ ಕೇಳಿದ್ರ ಇವತ್ತಿಗೂ ಜನ ಇದೇ ಮಾತು ಆಡತಾರಲ್ಲ? ರಾಣಿ ತನ್ನ ಕೈಯಾರೆ ಬರದದ್ದು ನಾವು ಯಾರೂ ಓದಿಲ್ಲ. ಅವನ ಬರಹದೊಳಗೇ ಆಕೀನ ಹುಡುಕಬೇಕು. ಹಂಗ ಹುಡುಕಿದ್ರ ಹಟಮಾರಿಯ ಹಿಂದ ಒಬ್ಬಾಕಿ ತಾಯಿ ಸಿಗತಾಳ. ಮಗ ಉಳಿಯೂದಿಲ್ಲ ಅನ್ನೋದನ್ನ ಸೆರಗಿನಾಗ ಕಟಗೊಂಡು, ಅದೇ ಮಗನ ಗಾದಿಗಾಗಿ ಬಡದಾಡಿದಾಕಿ.

ಇದನ್ನ ಓದಿ ಹೇಳಿದಾಗ ಅತ್ತಿ ಸುಮ್ನ ಕುಂತ್ರು. ಆಮ್ಯಾಲ, "ಮುಂದಿನ ಸಲ ಹೋದ್ರ ಆಕಿ ಹೆಸರಿಗೆ ಒಂದು ಹಣ್ಣುಕಾಯಿ ಮಾಡಸೂಣವಾ" ಅಂದ್ರು. ನೀವೂ ಬರ್ರಿ, ಕೂಡೇ ಹೋಗೂಣು.