ಡ್ಯೂ ಶೆವೋ ಮೋಟಾರಿನ ಯೋಗಕ್ಷೇಮ

ಇಲ್ಲದುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಭಾಷ್ಯಕಾರರು ಅರ್ಥ ಹೇಳಿರುವರು. ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯೋಗದ ಭಾಗವನ್ನು ಮಾತ್ರ ವಿಸ್ತರಿಸಿ ಕ್ಷೇಮದ ಭಾಗವನ್ನು ಕೈಬಿಡುತ್ತಾರೆ. ಯಂತ್ರವನ್ನು ನಿರ್ಮಿಸಿದವನು ಯಾರು, ಅದರ ವೇಗವೆಷ್ಟು ಎಂಬುದು ಗ್ರಂಥಗಳಲ್ಲಿ ದೊರೆಯುತ್ತದೆ. ಹಳೆಯದಾದ ಮೇಲೆ ಅದನ್ನು ಯಾರು, ಎಲ್ಲಿ, ಯಾವ ಉಪಕರಣದಿಂದ ನಡೆಯಿಸಿಕೊಂಡು ಬಂದರೆಂಬುದು ದೊರೆಯುವುದಿಲ್ಲ. ಆದರೆ ಫ್ರಾನ್ಸ್ ದೇಶದ ಸಿಟ್ರೊಯೆನ್ ಕಂಪೆನಿಯು ತಯಾರಿಸಿದ ‘ಡ್ಯೂ ಶೆವೋ’ ಎಂಬ ಮೋಟಾರಿನ ವಿಷಯದಲ್ಲಿ ಈ ಎರಡು ಭಾಗಗಳನ್ನು ಬೇರ್ಪಡಿಸುವುದು ಅಸಾಧ್ಯ. ಡ್ಯೂ ಶೆವೋ ಎಂದರೆ ಎರಡು ಕುದುರೆಗಳು. ಇದು ಸರ್ಕಾರವು ತೆರಿಗೆಗಾಗಿ ಎಣಿಸುತ್ತಿದ್ದ ಅಶ್ವಶಕ್ತಿಯ ಲೆಕ್ಕವೇ ಹೊರತು ಎಂಜಿನ್ನಿನ ನಿಜವಾದ ಬಲವಲ್ಲ.

ಆಂದ್ರೆ ಸಿಟ್ರೊಯೆನ್ ಎಂಬವನು 1919ನೆಯ ಇಸವಿಯಲ್ಲಿ ಮೋಟಾರುಗಳನ್ನು ತಯಾರಿಸಲಾರಂಭಿಸಿದನು. ಹದಿನೈದು ವರ್ಷಗಳೊಳಗೆ ಕಂಪೆನಿಯು ಸಾಲದಲ್ಲಿ ಮುಳುಗಿತು. 1934ನೆಯ ಇಸವಿಯ ಕೊನೆಯಲ್ಲಿ ಅದು ದಿವಾಳಿಯಾಗಲು, ಟಯರುಗಳಿಗೆ ಹೆಸರಾದ ಮಿಷೆಲಿನ್ ಕಂಪೆನಿಯು ಅದನ್ನು ವಹಿಸಿಕೊಂಡಿತು. ಮರು ವರ್ಷವೇ ಸಿಟ್ರೊಯೆನ್ ಕಾಲವಾದನು. ಹೊಸ ಆಡಳಿತದಲ್ಲಿ ಮುಖ್ಯನಾದ ಪಿಯೆರ್ ಬೂಲಾಂಜೆಯು ಫ್ರೆಂಚ್ ಗ್ರಾಮವಾಸಿಗಳ ಕಡೆಗೆ ದೃಷ್ಟಿ ಹರಿಯಿಸಿದನು. ಅವರು ಇನ್ನೂ ಕುದುರೆಗಾಡಿಗಳಲ್ಲಿ ಸಂತೆಗೆ ಹೋಗುತ್ತಿದ್ದರು. ಮೋಟಾರೆಂಬುದು ಪಟ್ಟಣದ ಧನಿಕರ ವಸ್ತುವಾಗಿತ್ತು. ಮರದ ಪಾದುಕೆಗಳನ್ನು ಮೆಟ್ಟಿದ ಇಬ್ಬರು ರೈತರನ್ನೂ ಐವತ್ತು ಕಿಲೋಗ್ರಾಂ ಆಲೂಗೆಡ್ಡೆಯನ್ನೂ ಹೊತ್ತು, ಗಂಟೆಗೆ 60 ಕಿಲೋಮೀಟರು ಓಡಿ, ನೂರು ಕಿಲೋಮೀಟರಿಗೆ ಮೂರೇ ಲೀಟರು ಪೆಟ್ರೋಲನ್ನು ಕುಡಿಯುವ ಬಂಡಿ ಬೇಕೆಂದು ಆತನು ತನ್ನ ಶಿಲ್ಪಿಗಳಿಗೆ ವಿಧಿಸಿದನು. ಉತ್ತ ಹೊಲದಲ್ಲಿ ಓಡಿದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಕೂಡದೆಂಬುದು ಇನ್ನೊಂದು ನಿಬಂಧನೆ.

1939ನೆಯ ಇಸವಿಯ ಅಕ್ಟೋಬರಿನಲ್ಲಿ ಪ್ಯಾರಿಸ್ ನಗರದ ಪ್ರದರ್ಶನದಲ್ಲಿ ಈ ಬಂಡಿಯನ್ನು ಜನರ ಮುಂದಿಡಬೇಕೆಂದಿದ್ದಾಗ ಮಹಾಯುದ್ಧವು ಆರಂಭವಾಯಿತು. ಪ್ರದರ್ಶನವು ನಿಂತುಹೋಯಿತು. ಮೊದಲ ಮಾದರಿಗಳು ಜರ್ಮನರ ಕೈಗೆ ಸಿಕ್ಕದಂತೆ ಹೆಚ್ಚಿನವನ್ನು ನಾಶಗೊಳಿಸಿ ಕೆಲವನ್ನು ಬಚ್ಚಿಟ್ಟರು. ಯುದ್ಧಾನಂತರ ಎಂಜಿನ್ನನ್ನು ಹೊಸದಾಗಿ ರಚಿಸಲಾಯಿತು. ಕೊನೆಗೆ 1948ನೆಯ ಇಸವಿಯ ಅಕ್ಟೋಬರಿನಲ್ಲಿ ಬಂಡಿಯು ಪ್ರದರ್ಶನಕ್ಕೆ ಬಂದಿತು. 375 ಘನ ಸೆಂಟಿಮೀಟರಿನ ಎಂಜಿನ್, ಒಂಬತ್ತು ಅಶ್ವಶಕ್ತಿ, ಕ್ಯಾನ್ವಾಸಿನ ಮಾಡು, ತೆಳು ತಗಡಿನ ಮೈ. ನೋಡಿದವರಲ್ಲಿ ನಕ್ಕವರು ಹಲವರು. ಆದರೂ ಕೊಳ್ಳಬಯಸಿದವರು ವರ್ಷಗಟ್ಟಲೆ ಕಾಯಬೇಕಾಯಿತು.

ಈ ಬಂಡಿಯನ್ನು ಕೊಳ್ಳುವವನ ಹಳ್ಳಿಯಲ್ಲಿ ಗ್ಯಾರೇಜು ಇರಲಾರದೆಂಬುದು ವಿದಿತವೇ ಆಗಿತ್ತು. ಆದುದರಿಂದ ಕೆಟ್ಟುಹೋಗಬಹುದಾದ ಅಂಗಗಳನ್ನು ಆದಷ್ಟು ಕಡಿಮೆ ಮಾಡಿದರು. ಎಂಜಿನ್ನನ್ನು ತಂಪುಮಾಡುವುದು ಗಾಳಿ. ನೀರಿಲ್ಲ, ರೇಡಿಯೇಟರಿಲ್ಲ, ಆದುದರಿಂದ ಸೋರಿಕೆಯೂ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಭಯವೂ ಇಲ್ಲ. ಇರುವ ಎರಡು ಸಿಲಿಂಡರುಗಳ ಪ್ಲಗ್ಗುಗಳೂ ಒಟ್ಟಿಗೇ ಕಿಡಿ ಹಾರಿಸುವುದರಿಂದ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಅಂಗವೇ ಅನಾವಶ್ಯಕವಾಯಿತು. ಆರಂಭದ ಬಂಡಿಗಳಲ್ಲಿ ಗಾಜೊರಸುವ ಕಡ್ಡಿಯು ವೇಗಮಾಪಕದ ತಂತಿಯಿಂದಲೇ ಚಲಿಸುತ್ತಿತ್ತು. ಪೆಟ್ರೋಲು ಎಷ್ಟಿದೆಯೆಂದು ಅರಿಯಲು ಕಡ್ಡಿಯನ್ನು ಅದ್ದಿ ನೋಡಬೇಕಾಗಿತ್ತು. ಮೈಯನ್ನು ಛಾಸಿಗೆ ಬೋಲ್ಟುಗಳಿಂದ ಬಿಗಿದಿದ್ದುದರಿಂದ ಮಡ್‌ಗಾರ್ಡನ್ನಾಗಲಿ ಬಾಗಿಲನ್ನಾಗಲಿ ಸ್ವಲ್ಪ ಹೊತ್ತಿನಲ್ಲಿ ಕಳಚಬಹುದಾಗಿತ್ತು. ಆಸನಗಳು ಸಹ ಎತ್ತಿದರೆ ಹೊರಕ್ಕೆ ಬರುತ್ತಿದ್ದುವು.

ಇಂಥ ಬಂಡಿಯ ಪಾಲನೆಯು ಎತ್ತಿನ ಬಂಡಿಯ ಪಾಲನೆಗೆ ತೀರ ದೂರವಾದುದಲ್ಲ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಂತೆಯೇ ಇಲ್ಲಿ ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್ನುಗಳಿಗೆ ಗ್ರೀಸನ್ನು ತಪ್ಪದೆ ಊಡಬೇಕು. ಇದನ್ನು ಮರೆತವನ ಬಂಡಿಯು ತಿರುವಿನಲ್ಲಿ ಬಿಗಿಯಾಗಿ, ಕ್ರಮೇಣ ಪಿನ್ನು ಸವೆದು, ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿದ್ದಕ್ಕಾಗಿ ಇಡೀ ದಿನದ ದುರಸ್ತಿಯನ್ನು ದಂಡ ತೆರಬೇಕಾಗುವುದು. ಎಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದು ಎರಡನೆಯ ನಿಯಮ. ನೀರಿಲ್ಲದ ಎಂಜಿನ್ನಿನಲ್ಲಿ ಎಣ್ಣೆಯು ನುಣುಪನ್ನು ಕೊಡುವುದಲ್ಲದೆ ಶಾಖವನ್ನೂ ಹೊರಗೊಯ್ಯಬೇಕು. ಪಂಕದ ಹಿಂದಿರುವ ಎಣ್ಣೆಯ ಕೂಲರಿನ ಸಂದುಗಳಲ್ಲಿ ಧೂಳು ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳೂ ಪಂಕದ ಹಿಂದೆಯೇ ಇವೆ. ಪಂಕವನ್ನು ಕಳಚಿ ಅವುಗಳ ಅಂತರವನ್ನು 0.4 ಮಿಲಿಮೀಟರಿಗೆ ಸರಿಪಡಿಸಬೇಕು. ಸಹನೆಯುಳ್ಳವನಿಗೆ ಇವೆಲ್ಲ ಮನೆಯಂಗಳದಲ್ಲಿ ಸಾಧ್ಯವಾದುವು.

ಆದರೂ ಎಲ್ಲವೂ ಮನೆಯಲ್ಲಿಯೇ ಸಾಧ್ಯವೆಂದು ಹೇಳುವುದು ಅತ್ಯುಕ್ತಿ. ಎಂಜಿನ್ನಿನ ಹೃದಯವಾದ ಕ್ರ್ಯಾಂಕ್ ಶಾಫ್ಟನ್ನು ಹಲವು ತುಂಡುಗಳಿಂದ ಒತ್ತಿ ಕೂಡಿಸಿ ಮಾಡಿರುತ್ತಾರೆ. ಅದರ ಕನೆಕ್ಟಿಂಗ್ ರಾಡುಗಳನ್ನು ಸ್ಪ್ಯಾನರಿನಿಂದ ಬಿಚ್ಚುವಂತಿಲ್ಲ. ಬ್ರೇಕಿನ ವಿಷಯದಲ್ಲಿ ಅಜ್ಞಾನವು ಇನ್ನೂ ಅಪಾಯಕರ. 1981ನೆಯ ಇಸವಿಯಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದಾಗ ಅವುಗಳಿಗೆ ಹಸಿರು ಬಣ್ಣದ ಖನಿಜ ತೈಲವನ್ನು ಗೊತ್ತುಮಾಡಿದರು. ಅದಕ್ಕೆ ಬದಲಾಗಿ ಸಾಮಾನ್ಯ ಬ್ರೇಕ್ ದ್ರವವನ್ನು ತುಂಬಿದರೆ ಒಳಗಿನ ರಬ್ಬರು ಕೆಟ್ಟು, ಬ್ರೇಕು ಕೈಕೊಡುವುದು. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಬಂಡಿಯನ್ನು ಹಗುರವೂ ಅಗ್ಗವೂ ಆಗಿ ಮಾಡಿದ ತೆಳು ತಗಡೇ ಅದರ ಆಯುಸ್ಸನ್ನೂ ಕಡಿಮೆ ಮಾಡಿತು. ಛಾಸಿಯು ಪೆಟ್ಟಿಗೆಯಂತೆ ಟೊಳ್ಳಾದುದು. ನೀರು ಒಳಹೊಕ್ಕರೆ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಕಬ್ಬಿಣವು ಕ್ಷಯಿಸುತ್ತಿರುವುದು. ಬಣ್ಣ ಬಳಿದು ಇದನ್ನು ಮುಚ್ಚುವವನು ತನ್ನನ್ನೂ ಮುಂದೆ ಕೊಳ್ಳುವವನನ್ನೂ ವಂಚಿಸಿದಂತಾಗುತ್ತದೆ.

ಬಂಡಿಯ ಸಾಮರ್ಥ್ಯಕ್ಕೆ ಒಂದು ಯಾತ್ರೆಯು ನಿದರ್ಶನವಾಗಿದೆ. ಜಾಕ್ ಸೆಗೆಲಾ ಮತ್ತು ಝಾನ್ ಕ್ಲೋದ್ ಬೋದೊ ಎಂಬ ಇಬ್ಬರು ಫ್ರೆಂಚ್ ತರುಣರು 1958ನೆಯ ಇಸವಿಯಲ್ಲಿ ಡ್ಯೂ ಶೆವೋ ಒಂದನ್ನು ತೆಗೆದುಕೊಂಡು ಭೂಪ್ರದಕ್ಷಿಣೆಗೆ ಹೊರಟು ಮರು ವರ್ಷ ಹಿಂದಿರುಗಿದರು. ಕ್ರಮಿಸಿದ ದೂರ ಸುಮಾರು ಒಂದು ಲಕ್ಷ ಕಿಲೋಮೀಟರು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಗೇರ್ ಪೆಟ್ಟಿಗೆಯ ಎಣ್ಣೆ ಸೋರಿಹೋಗಲು, ಅವರು ಅದರೊಳಕ್ಕೆ ಬಾಳೆಹಣ್ಣುಗಳನ್ನು ತುಂಬಿ ಬಂಡಿಯನ್ನು ನಡೆಯಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಬಾಳೆಹಣ್ಣು ಎಣ್ಣೆಯಲ್ಲ. ಆಪತ್ಕಾಲದ ಉಪಾಯವನ್ನು ನಿತ್ಯವಿಧಿಯೆಂದು ಯಾರೂ ಭಾವಿಸತಕ್ಕದ್ದಲ್ಲ. ಆದರೆ ಯಂತ್ರದ ಯಾವ ಅಂಗವು ಏನನ್ನು ಬೇಡುವುದೆಂದು ತಿಳಿದವನಿಗೆ ಮಾತ್ರ ಅಂಥ ಉಪಾಯ ಹೊಳೆಯುವುದೆಂಬುದನ್ನು ಗಮನಿಸಬೇಕು.

ಕಾಲಕ್ರಮದಲ್ಲಿ ಎಂಜಿನ್ ದೊಡ್ಡದಾಯಿತು; 1970ನೆಯ ಇಸವಿಯ ವೇಳೆಗೆ 602 ಘನ ಸೆಂಟಿಮೀಟರಿನ ಬಂಡಿಯೂ ಮಾರಾಟಕ್ಕೆ ಬಂದಿತು. ಆದರೆ ಬಂಡಿಯ ಮೂಲಸ್ವರೂಪವು ಬದಲಾಗಲಿಲ್ಲ. ಆದುದರಿಂದಲೇ ತಂದೆಯು ಕಲಿತ ದುರಸ್ತಿಯ ಕೆಲಸವು ಮಗನ ಬಂಡಿಗೂ ಬಹುಮಟ್ಟಿಗೆ ಸಲ್ಲುತ್ತಿತ್ತು. 1988ನೆಯ ಇಸವಿಯಲ್ಲಿ ಪ್ಯಾರಿಸ್ಸಿನ ಬಳಿಯ ಲೆವಲ್ವಾ ಕಾರ್ಖಾನೆಯಲ್ಲಿಯೂ, 1990ನೆಯ ಇಸವಿಯ ಜುಲೈಯಲ್ಲಿ ಪೋರ್ಚುಗಲ್ಲಿನ ಮಂಗ್ವಾಲ್ದೆಯಲ್ಲಿಯೂ ತಯಾರಿಕೆ ನಿಂತಿತು. ಅಷ್ಟರಲ್ಲಿ ನಿರ್ಮಿತವಾದ ಬಂಡಿಗಳ ಸಂಖ್ಯೆ 38 ಲಕ್ಷವನ್ನು ಮೀರಿತ್ತು. ತಯಾರಿಕೆ ನಿಂತರೂ ಕ್ಷೇಮಕಾರ್ಯವು ನಿಲ್ಲಲಿಲ್ಲ. ಸತುವಿನ ಲೇಪವುಳ್ಳ ಹೊಸ ಛಾಸಿಗಳನ್ನೂ ಇತರ ಬಿಡಿಭಾಗಗಳನ್ನೂ ಸಣ್ಣ ಸಣ್ಣ ಕಾರ್ಖಾನೆಗಳು ಮಾಡಿ ಮಾರತೊಡಗಿದುವು. ಹಳೆಯ ಮೈಯನ್ನು ಕಳಚಿ ಹೊಸ ಛಾಸಿಯ ಮೇಲೆ ಕೂರಿಸುವ ಕೆಲಸವನ್ನು ನಾಲ್ವರು ಮಿತ್ರರು ಸೇರಿ ಮನೆಯ ಕೊಟ್ಟಿಗೆಯಲ್ಲಿ ಮಾಡಿ ಮುಗಿಸುವುದುಂಟು.

ಹಿಂದೆ ಬಡತನದಿಂದ ಮಾಡುತ್ತಿದ್ದ ಕೆಲಸವನ್ನು ಇಂದು ಅನೇಕರು ಪ್ರೀತಿಯಿಂದ ಮಾಡುತ್ತಿದ್ದಾರೆ. ಹಳೆಯ ಬಂಡಿಯು ಅಪಘಾತದಲ್ಲಿ ಹೊಸ ಬಂಡಿಯಷ್ಟು ರಕ್ಷಣೆಯನ್ನು ಕೊಡಲಾರದೆಂಬುದೂ ನಿಜವೇ. ಆದರೂ ಅದು ಎತ್ತಿದ ಪ್ರಶ್ನೆಯು ಹಳೆಯದಾಗಲಿಲ್ಲ. 2021ನೆಯ ಇಸವಿಯ ಜನವರಿಯಿಂದ ಅದೇ ಫ್ರಾನ್ಸ್ ದೇಶದಲ್ಲಿ ಬಟ್ಟೆ ಒಗೆಯುವ ಯಂತ್ರ, ದೂರದರ್ಶನ, ಮೊಬೈಲ್ ಫೋನು ಮೊದಲಾದವನ್ನು ಮಾರುವವರು, ಆ ವಸ್ತುವನ್ನು ದುರಸ್ತಿ ಮಾಡುವುದು ಎಷ್ಟು ಸುಲಭವೆಂಬುದನ್ನು ಹತ್ತಕ್ಕೆ ಇಷ್ಟೆಂದು ಅಂಕದಿಂದ ತಿಳಿಸಬೇಕೆಂದು ಕಾನೂನಾಯಿತು. ಬಿಚ್ಚಲಾಗದ ವಸ್ತುಗಳು ಮನೆಗಳಲ್ಲಿ ತುಂಬಿದ ಮೇಲೆ ಸರ್ಕಾರವು ಕಾನೂನಿನಿಂದ ಕೇಳಿಸಬೇಕಾದ ಗುಣವನ್ನು ಬೂಲಾಂಜೆಯ ಶಿಲ್ಪಿಗಳು ರೈತನ ಅವಶ್ಯಕತೆಯನ್ನು ನೋಡಿಯೇ ಬಂಡಿಯೊಳಕ್ಕೆ ಸೇರಿಸಿದ್ದರು. ಬೆಲೆ ಕೊಟ್ಟು ವಸ್ತುವನ್ನು ಪಡೆಯುವುದು ಯೋಗ ಮಾತ್ರ. ಕೆಟ್ಟಾಗ ಅದನ್ನು ಬಿಚ್ಚಿ ನೋಡುವ ಅವಕಾಶವೂ ತಿಳಿವಳಿಕೆಯೂ ಇಲ್ಲದವನು ಅದರ ಒಡೆಯನೆನಿಸಿದರೂ ಅದರ ಕ್ಷೇಮವು ಪರರ ಕೈಯಲ್ಲಿರುವುದು.