ಸಮುದಾಯ ಸುರಕ್ಷತಾ ಸಹಭಾಗಿತ್ವ (ಇಂಗ್ಲೆಂಡ್ ಮತ್ತು ವೇಲ್ಸ್)

ಸಮುದಾಯ ಸುರಕ್ಷತಾ ಸಹಭಾಗಿತ್ವವು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಥಳೀಯ ಮಟ್ಟದ ಅಪರಾಧ ಹಾಗೂ ಸಮಾಜವಿರೋಧಿ ವರ್ತನೆಯನ್ನು ತಗ್ಗಿಸಲು ರೂಪಿಸಲಾದ ಶಾಸನಬದ್ಧ ವ್ಯವಸ್ಥೆಯಾಗಿದೆ. ಪೊಲೀಸರು, ಕೌನ್ಸಿಲ್ ಎಂದು ಕರೆಯಲಾಗುವ ಸ್ಥಳೀಯ ಆಡಳಿತ, ಅಗ್ನಿಶಾಮಕ ಸೇವೆ, ಆರೋಗ್ಯ ಸಂಸ್ಥೆ ಮತ್ತು ಶಿಕ್ಷಿತರ ಮೇಲ್ವಿಚಾರಣೆ ನಡೆಸುವ ಪ್ರೊಬೇಷನ್ ಸೇವೆ ಇದರ ಹೊಣೆಗಾರ ಸಂಸ್ಥೆಗಳು. ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್ ಎಂಬ 1998ರ ಕಾಯ್ದೆಯ ಮೂಲಕ ಇದು ಜಾರಿಗೆ ಬಂದಿತು. ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಅಪರಾಧ ಮತ್ತು ಅವ್ಯವಸ್ಥೆ ನಿಯಂತ್ರಣ ಸಹಭಾಗಿತ್ವ ಎಂಬ ಹೆಸರಿತ್ತು. ವೇಲ್ಸ್‌ನಲ್ಲಿ ಮೊದಲಿನಿಂದಲೂ ಇಂದಿನ ಹೆಸರೇ ಬಳಕೆಯಲ್ಲಿತ್ತು. 2010ರಲ್ಲಿ ಇಂಗ್ಲೆಂಡ್ ಕೂಡ ಇದೇ ಹೆಸರನ್ನು ಸ್ವೀಕರಿಸಿತು.

ಅಪರಾಧಕ್ಕೆ ಕಾರಣವಾಗುವ ಅನೇಕ ಸಂಗತಿಗಳು ಪೊಲೀಸರ ಕೈಯಲ್ಲಿಲ್ಲ ಎಂಬುದು ಈ ವ್ಯವಸ್ಥೆಯ ಮೂಲ ತರ್ಕ. ಬೀದಿದೀಪ, ಉದ್ಯಾನ, ಮದ್ಯದಂಗಡಿಯ ಪರವಾನಗಿ, ಬಾಡಿಗೆ ಮನೆಗಳ ಬಾಗಿಲು-ಬೀಗ ಇವೆಲ್ಲ ಕೌನ್ಸಿಲ್‌ನ ವ್ಯಾಪ್ತಿಗೆ ಬರುತ್ತವೆ. ಇಂಗ್ಲೆಂಡಿನ ಕೌನ್ಸಿಲ್‌ಗಳು ಸ್ವತಃ ಸಾವಿರಾರು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ನೀಡುತ್ತ ಬಂದಿರುವುದರಿಂದ, ಕಳವು ಹೆಚ್ಚಿರುವ ಬಡಾವಣೆಯ ಮನೆಮಾಲೀಕ ಹಲವೆಡೆ ಕೌನ್ಸಿಲ್ಲೇ ಆಗಿರುತ್ತದೆ. ಆದರೆ ಪೊಲೀಸ್ ಪಡೆ ಕೌನ್ಸಿಲ್‌ನ ಅಧೀನದಲ್ಲಿಲ್ಲ. ಎರಡೂ ಪ್ರದೇಶಗಳಲ್ಲಿ ಸೇರಿ 43 ಪ್ರಾದೇಶಿಕ ಪೊಲೀಸ್ ಪಡೆಗಳಿದ್ದು, ಪ್ರತಿಯೊಂದರ ಸರಹದ್ದಿನಲ್ಲೂ ಸಾಮಾನ್ಯವಾಗಿ ಹಲವು ಕೌನ್ಸಿಲ್‌ಗಳಿವೆ. ಈ ಎರಡನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದೇ ಕಾಯ್ದೆಯ ಉದ್ದೇಶವಾಗಿತ್ತು.

ಹಿನ್ನೆಲೆ

1970ರ ದಶಕದವರೆಗೆ ಅಪರಾಧ ತಡೆಯನ್ನು ಪೊಲೀಸರ ಕೆಲಸವೆಂದೇ ಪರಿಗಣಿಸಲಾಗಿತ್ತು. ಡೆವನ್ ಮತ್ತು ಕಾರ್ನ್‌ವಾಲ್ ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಜಾನ್ ಆಲ್ಡರ್ಸನ್ ಈ ನಿಲುವನ್ನು ಪ್ರಶ್ನಿಸಿ, ಸಮುದಾಯ ಪೊಲೀಸ್ ವ್ಯವಸ್ಥೆಯನ್ನು ಪ್ರತಿಪಾದಿಸಿದವರಲ್ಲಿ ಪ್ರಮುಖರು. 1982ರಲ್ಲಿ ಚೆಷೈರ್‌ನ ಮಾಲಿಂಗ್‌ಟನ್ ಎಂಬ ಹಳ್ಳಿಯಲ್ಲಿ ದೇಶದ ಮೊದಲ ನೆರೆಹೊರೆ ಕಾವಲು ಯೋಜನೆ ಆರಂಭವಾಯಿತು. ನಿವಾಸಿಗಳೇ ಪರಸ್ಪರರ ಮನೆಗಳ ಮೇಲೆ ಕಣ್ಣಿಟ್ಟು, ಅನುಮಾನಾಸ್ಪದ ಚಲನವಲನಗಳನ್ನು ಪೊಲೀಸರಿಗೆ ತಿಳಿಸುವ ಈ ಪದ್ಧತಿ ಬಹುಬೇಗ ಹರಡಿತು. ಆದರೆ ಅದು ಸುಲಭವಾಗಿ ಬೇರೂರಿದ್ದು ಸ್ವಂತ ಮನೆಗಳುಳ್ಳ, ಮೊದಲೇ ಅಪರಾಧ ಕಡಿಮೆಯಿದ್ದ ಮಧ್ಯಮವರ್ಗದ ಬಡಾವಣೆಗಳಲ್ಲಿ. ಹೆಚ್ಚು ನೆರವು ಬೇಕಿದ್ದ ಬಡ ವಸತಿಪ್ರದೇಶಗಳಲ್ಲಿ ಅದನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು.

1984ರಲ್ಲಿ ಕೇಂದ್ರದ ಹಲವು ಇಲಾಖೆಗಳು ಜಂಟಿಯಾಗಿ ಹೊರಡಿಸಿದ ಸುತ್ತೋಲೆಯು, ಅಪರಾಧ ತಡೆಯು ಇಡೀ ಸಮುದಾಯದ ಹೊಣೆ ಎಂಬ ನಿಲುವನ್ನು ತಳೆಯಿತು. 1988ರಲ್ಲಿ ಸೇಫರ್ ಸಿಟೀಸ್ ಕಾರ್ಯಕ್ರಮ ಬಂದಿತು. ಇವೆಲ್ಲವೂ ಸ್ವಯಂಪ್ರೇರಿತ ಅಥವಾ ಸೀಮಿತ ಅವಧಿಯ ಅನುದಾನದ ಯೋಜನೆಗಳಾಗಿದ್ದು, ಯಾವ ಸಂಸ್ಥೆಗೂ ಕಾನೂನಿನ ಕಟ್ಟುಪಾಡು ಇರಲಿಲ್ಲ.

ಕರ್ಕ್‌ಹೋಲ್ಟ್ ಯೋಜನೆ

ಸಹಭಾಗಿತ್ವದ ಕುರಿತ ಚರ್ಚೆಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗ ಕರ್ಕ್‌ಹೋಲ್ಟ್ ಯೋಜನೆ. ಮ್ಯಾಂಚೆಸ್ಟರ್ ಸಮೀಪದ ರಾಚ್‌ಡೇಲ್ ಪಟ್ಟಣದಲ್ಲಿದ್ದ ಕರ್ಕ್‌ಹೋಲ್ಟ್, ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಕೌನ್ಸಿಲ್ ಬಡಾವಣೆ. ಅಲ್ಲಿ ಕನ್ನಗಳವಿನ ಪ್ರಮಾಣ ವಿಪರೀತವಾಗಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಗೃಹ ಇಲಾಖೆ, ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸ್, ಪ್ರೊಬೇಷನ್ ಸೇವೆ, ಕೌನ್ಸಿಲ್ ಹಾಗೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಇಲ್ಲಿ ಕೆಲಸ ಆರಂಭಿಸಿದರು. ಸಂಶೋಧಕರಲ್ಲಿ ಅಪರಾಧಶಾಸ್ತ್ರಜ್ಞ ಕೆನ್ ಪೀಸ್ ಪ್ರಮುಖರು.

ತಂಡವು ಯೋಜನೆ ರೂಪಿಸುವ ಮೊದಲು ಕಳವಿಗೆ ಒಳಗಾದವರನ್ನು, ಅವರ ನೆರೆಯವರನ್ನು ಮತ್ತು ಶಿಕ್ಷೆಗೊಳಗಾದ ಕಳ್ಳರನ್ನೂ ಮಾತನಾಡಿಸಿತು. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು ಮೀಟರಿನ ಹಣ. ಆ ಮನೆಗಳಲ್ಲಿ ಅನಿಲ ಮತ್ತು ವಿದ್ಯುತ್ ಪಡೆಯಲು ಮನೆಯೊಳಗಿನ ಮೀಟರಿಗೆ ನಾಣ್ಯ ಹಾಕಬೇಕಿತ್ತು. ಹಣ ಸಂಗ್ರಹಿಸುವವರು ಬರುವವರೆಗೆ ಅದು ಅಲ್ಲೇ ತುಂಬಿಕೊಂಡಿರುತ್ತಿತ್ತು. ಬಡಾವಣೆಯ ಕನ್ನಗಳವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕಳ್ಳರ ಕೈಗೆ ಸಿಗುತ್ತಿದ್ದದ್ದು ಈ ಹಣವೇ. ಎರಡನೆಯದು, ಒಮ್ಮೆ ಕಳವಾದ ಮನೆಯಲ್ಲೇ ಮತ್ತೆ ಕಳವಾಗುವ ಸಾಧ್ಯತೆ ಉಳಿದ ಮನೆಗಳಿಗಿಂತ ಬಹಳ ಹೆಚ್ಚಾಗಿತ್ತು. ಪುನರಾವರ್ತಿತ ಬಲಿಪಶುತ್ವ ಎಂಬ ಪರಿಕಲ್ಪನೆಗೆ ಅಪರಾಧಶಾಸ್ತ್ರದಲ್ಲಿ ಗಟ್ಟಿ ನೆಲೆ ಒದಗಿಸಿದ ಅಧ್ಯಯನಗಳಲ್ಲಿ ಇದೂ ಒಂದು.

ಪರಿಹಾರಗಳು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು. ನಾಣ್ಯದ ಮೀಟರುಗಳನ್ನು ತೆಗೆದು, ಮನೆಯಲ್ಲಿ ಹಣ ಉಳಿಯದಂತಹ ಮೀಟರುಗಳನ್ನು ಅಳವಡಿಸಲಾಯಿತು. ಕಳವಾದ ಮನೆಯ ಬಾಗಿಲು, ಕಿಟಕಿ, ಬೀಗಗಳನ್ನು ಕೂಡಲೇ ಭದ್ರಪಡಿಸಲಾಯಿತು. ಆ ಮನೆಯನ್ನು ಸುತ್ತುವರಿದ ಐದಾರು ಮನೆಗಳವರನ್ನು ಕೇಳಿಕೊಂಡು, ಕೆಲವು ವಾರಗಳ ಕಾಲ ಅದರ ಮೇಲೆ ನಿಗಾ ಇಡುವ ಪುಟ್ಟ ಗುಂಪು ರಚಿಸಲಾಯಿತು. ಒಂದು ಮನೆಯನ್ನು ಸುತ್ತಲಿನವರು ಗೂಡಿನಂತೆ ಕಾಯುವ ಈ ಕ್ರಮಕ್ಕೆ ಕಕೂನ್, ಅಂದರೆ ರೇಷ್ಮೆಗೂಡು, ಎಂಬ ಹೆಸರು ಬಂದಿತು. ಇಡೀ ಬೀದಿಗೆ ಫಲಕ ನೆಟ್ಟು ಸುಮ್ಮನಾಗುವ ಸಾಮಾನ್ಯ ನೆರೆಹೊರೆ ಕಾವಲಿಗಿಂತ ಇದು ಭಿನ್ನವಾಗಿತ್ತು. ಯಾವ ಮನೆ, ಯಾವ ದಿನಗಳು, ಯಾರು ನೋಡಬೇಕು ಎಂಬುದು ಇಲ್ಲಿ ನಿಶ್ಚಿತವಾಗಿತ್ತು.

1986–87ರಲ್ಲಿ ಬಡಾವಣೆಯಲ್ಲಿ ದಾಖಲಾದ ಕನ್ನಗಳವುಗಳ ಸಂಖ್ಯೆ 526. ಮರುವರ್ಷ ಅದು 223ಕ್ಕೆ, 1989–90ರ ವೇಳೆಗೆ 132ಕ್ಕೆ ಇಳಿಯಿತು. ಈ ಯಶಸ್ಸನ್ನು ಬೇರೆಡೆ ನಕಲು ಮಾಡುವ ಪ್ರಯತ್ನಗಳು ಮಿಶ್ರಫಲ ನೀಡಿದವು. ಅವುಗಳನ್ನು 1993ರಲ್ಲಿ ಪರಿಶೀಲಿಸಿದ ನಿಕ್ ಟಿಲ್ಲಿ, ಒಂದು ಕಡೆ ಫಲಿಸಿದ ಕ್ರಮಗಳನ್ನು ಇನ್ನೊಂದು ಕಡೆ ಹಾಗೆಯೇ ಅನ್ವಯಿಸಿದರೆ ಸಾಲದು, ಅವು ಯಾವ ಸನ್ನಿವೇಶದಲ್ಲಿ, ಯಾವ ಕಾರಣದಿಂದ ಫಲಿಸಿದವು ಎಂಬುದನ್ನು ಅರಿಯಬೇಕು ಎಂದು ವಾದಿಸಿದರು. ನಾಣ್ಯದ ಮೀಟರುಗಳೇ ಇಲ್ಲದ ಬಡಾವಣೆಯಲ್ಲಿ ಅವನ್ನು ತೆಗೆಸುವ ಪ್ರಶ್ನೆಯೇ ಏಳುವುದಿಲ್ಲ.

ಮಾರ್ಗನ್ ವರದಿ ಮತ್ತು 1998ರ ಕಾಯ್ದೆ

ಜೇಮ್ಸ್ ಮಾರ್ಗನ್ ನೇತೃತ್ವದ ಸಮಿತಿಯು 1991ರಲ್ಲಿ ಸಲ್ಲಿಸಿದ ವರದಿಯು, ಅಪರಾಧ ತಡೆಯ ಶಾಸನಬದ್ಧ ಹೊಣೆಯನ್ನು ಪೊಲೀಸರ ಜೊತೆಗೆ ಸ್ಥಳೀಯ ಆಡಳಿತಕ್ಕೂ ವಹಿಸಬೇಕೆಂದು ಶಿಫಾರಸು ಮಾಡಿತು. ಅಪರಾಧ ತಡೆ ಎಂಬ ಮಾತು ಪೊಲೀಸರ ಕೆಲಸವನ್ನಷ್ಟೇ ಸೂಚಿಸುತ್ತದೆ ಎಂಬ ಕಾರಣಕ್ಕೆ ಸಮುದಾಯ ಸುರಕ್ಷತೆ ಎಂಬ ಪದವನ್ನು ಎತ್ತಿಹಿಡಿದದ್ದೂ ಇದೇ ವರದಿ. ಅಂದಿನ ಕನ್ಸರ್ವೇಟಿವ್ ಸರ್ಕಾರ ಶಿಫಾರಸನ್ನು ಜಾರಿಗೊಳಿಸಲಿಲ್ಲ. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಅದರ ತಿರುಳನ್ನು ಕಾನೂನಾಗಿಸಿತು. 1998ರ ಜುಲೈ 31ರಂದು ಮಸೂದೆಗೆ ರಾಜಮುದ್ರೆ ಬಿದ್ದಿತು.

ಕಾಯ್ದೆಯ 5 ಮತ್ತು 6ನೇ ಕಲಮುಗಳ ಪ್ರಕಾರ ಕೌನ್ಸಿಲ್ ಮತ್ತು ಪೊಲೀಸರು ಜಂಟಿಯಾಗಿ ತಮ್ಮ ಪ್ರದೇಶದ ಅಪರಾಧ ಸ್ಥಿತಿಯನ್ನು ಪರಿಶೋಧಿಸಿ, ಜನರ ಅಭಿಪ್ರಾಯ ಕೇಳಿ, ಮೂರು ವರ್ಷಗಳ ಕಾರ್ಯತಂತ್ರವನ್ನು ಪ್ರಕಟಿಸಬೇಕಿತ್ತು. 17ನೇ ಕಲಮು ಇನ್ನೂ ವ್ಯಾಪಕವಾದುದು. ಕೌನ್ಸಿಲ್ ತನ್ನ ಯಾವುದೇ ಕೆಲಸ ಮಾಡುವಾಗಲೂ ಅದು ಅಪರಾಧದ ಮೇಲೆ ಬೀರಬಹುದಾದ ಪರಿಣಾಮವನ್ನು ಗಮನಿಸಲೇಬೇಕು ಎಂದು ಅದು ವಿಧಿಸುತ್ತದೆ. 115ನೇ ಕಲಮು ಸಂಸ್ಥೆಗಳ ನಡುವೆ ಮಾಹಿತಿ ಹಂಚಿಕೆಗೆ ಅಧಿಕಾರ ನೀಡಿತು. ಅದು ಅಧಿಕಾರವಾಗಿತ್ತೇ ಹೊರತು ಕಡ್ಡಾಯ ಕರ್ತವ್ಯವಾಗಿರಲಿಲ್ಲ. ಈ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಮುಂದೆ ದುಬಾರಿಯಾಯಿತು.

ಕಾಯ್ದೆಯ ನಂತರ ಎರಡೂ ಪ್ರದೇಶಗಳಲ್ಲಿ ಒಟ್ಟು 376 ಸಹಭಾಗಿತ್ವಗಳು ರಚನೆಯಾದವು. 2002ರ ತಿದ್ದುಪಡಿಯು ಅಗ್ನಿಶಾಮಕ ಮತ್ತು ಆರೋಗ್ಯ ಸಂಸ್ಥೆಗಳನ್ನು, 2009ರ ಕಾಯ್ದೆಯು ಪ್ರೊಬೇಷನ್ ಸೇವೆಯನ್ನು ಹೊಣೆಗಾರರ ಪಟ್ಟಿಗೆ ಸೇರಿಸಿತು. ಮೂರು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪರಿಶೋಧನೆಯ ಬದಲು ವಾರ್ಷಿಕ ಮೌಲ್ಯಮಾಪನ ಜಾರಿಗೆ ಬಂದಿತು.

ಸಮಾಜವಿರೋಧಿ ವರ್ತನೆ

ಒಂದೇ ಮನೆಯವರಲ್ಲದ ಇತರರಿಗೆ ಕಿರುಕುಳ, ಭಯ ಅಥವಾ ಯಾತನೆ ಉಂಟುಮಾಡುವ ಇಲ್ಲವೇ ಉಂಟುಮಾಡಬಹುದಾದ ನಡವಳಿಕೆಯನ್ನು 1998ರ ಕಾಯ್ದೆ ಸಮಾಜವಿರೋಧಿ ವರ್ತನೆ ಎಂದು ವಿವರಿಸಿತು. ಇದನ್ನು ಎದುರಿಸಲು ಆಸ್ಬೊ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ನ್ಯಾಯಾಲಯದ ಆದೇಶವನ್ನು 1999ರ ಏಪ್ರಿಲ್‌ನಿಂದ ಜಾರಿಗೆ ತರಲಾಯಿತು. ಆದೇಶ ಸಿವಿಲ್ ಸ್ವರೂಪದ್ದು. ಆದರೆ ಅದನ್ನು ಮುರಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಹೊರಡಿಸಿದ ಆದೇಶಗಳಲ್ಲಿ ಅರ್ಧಕ್ಕೂ ಹೆಚ್ಚು ಉಲ್ಲಂಘನೆಯಾದವು. ತುಂಟತನ ಮತ್ತು ಅಪರಾಧದ ನಡುವಿನ ಗೆರೆ ಅಳಿಸಿ ಹದಿಹರೆಯದವರನ್ನು ಸೆರೆಮನೆಯ ಹಾದಿಗೆ ತಳ್ಳುತ್ತದೆ ಎಂಬ ಟೀಕೆ ಒಂದೆಡೆ, ಕಿರುಕುಳ ಅನುಭವಿಸುವವರಿಗೆ ಬೇರೆ ದಾರಿಯಿಲ್ಲ ಎಂಬ ಸಮರ್ಥನೆ ಇನ್ನೊಂದೆಡೆ ಕೇಳಿಬಂದವು. 2014ರ ಕಾಯ್ದೆಯು ಆಸ್ಬೊವನ್ನು ಕೈಬಿಟ್ಟು, ಸಿವಿಲ್ ತಡೆಯಾಜ್ಞೆ, ಸಮುದಾಯ ರಕ್ಷಣಾ ನೋಟಿಸ್ ಮೊದಲಾದ ಕ್ರಮಗಳನ್ನು ತಂದಿತು.

ಮಾಹಿತಿ ಹಂಚಿಕೆ

ಸಹಭಾಗಿತ್ವದ ನಿಜವಾದ ಪರೀಕ್ಷೆ ಸಭೆಗಳಲ್ಲಿ ನಡೆಯುವುದಲ್ಲ. ಒಂದು ಸಂಸ್ಥೆಗೆ ತಿಳಿದದ್ದು ಇನ್ನೊಂದಕ್ಕೆ ತಲುಪುತ್ತದೆಯೇ ಎಂಬುದರಲ್ಲಿದೆ. ಈ ವಿಷಯದಲ್ಲಿ ವೇಲ್ಸ್‌ನ ರಾಜಧಾನಿ ಕಾರ್ಡಿಫ್ ಒಂದು ಮಾದರಿಯನ್ನು ರೂಪಿಸಿತು. ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರಾದ ಪ್ರೊಫೆಸರ್ ಜೊನಾಥನ್ ಶೆಫರ್ಡ್, ಹಲ್ಲೆಗೊಳಗಾಗಿ ಆಸ್ಪತ್ರೆಗೆ ಬರುವ ಅನೇಕರ ಪ್ರಕರಣಗಳು ಪೊಲೀಸ್ ದಾಖಲೆಯಲ್ಲಿ ಇರುವುದೇ ಇಲ್ಲ ಎಂಬುದನ್ನು ಗುರುತಿಸಿದರು. ಅವರ ಪ್ರಯತ್ನದಿಂದ, ತುರ್ತು ಚಿಕಿತ್ಸಾ ವಿಭಾಗದ ಸ್ವಾಗತಕಾರರು ಹಲ್ಲೆ ನಡೆದ ಸ್ಥಳ, ಸಮಯ ಮತ್ತು ಬಳಸಿದ ಆಯುಧವನ್ನು ದಾಖಲಿಸುವ, ರೋಗಿಯ ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸ್ ಮತ್ತು ಕೌನ್ಸಿಲ್‌ಗೆ ನೀಡುವ ಪದ್ಧತಿ ಜಾರಿಗೆ ಬಂದಿತು. ಯಾವ ಬೀದಿಯಲ್ಲಿ, ಯಾವ ಮದ್ಯದಂಗಡಿಯ ಬಳಿ, ರಾತ್ರಿ ಎಷ್ಟು ಹೊತ್ತಿಗೆ ಹೊಡೆದಾಟಗಳಾಗುತ್ತವೆ ಎಂಬುದು ಹೀಗೆ ತಿಳಿದುಬಂದು, ಗಸ್ತು ಮತ್ತು ಪರವಾನಗಿಯ ನಿರ್ಧಾರಗಳು ಅದನ್ನು ಅನುಸರಿಸಿದವು.

2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸೆಯಿಂದಾಗಿ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣವು ಕಾರ್ಡಿಫ್‌ನಲ್ಲಿ ಒಂದು ಲಕ್ಷ ಜನರಿಗೆ ತಿಂಗಳಿಗೆ 7ರಿಂದ 5ಕ್ಕೆ ಇಳಿದರೆ, ಹೋಲಿಕೆಗೆ ಆಯ್ದ ನಗರಗಳಲ್ಲಿ 5ರಿಂದ 8ಕ್ಕೆ ಏರಿತು. ಅದೇ ಅವಧಿಯಲ್ಲಿ ಪೊಲೀಸರು ದಾಖಲಿಸಿದ ಸಣ್ಣಪುಟ್ಟ ಹಲ್ಲೆಗಳು ಕಾರ್ಡಿಫ್‌ನಲ್ಲಿ ಹೆಚ್ಚಾದವು. ಜಗಳ ಗಾಯದ ಹಂತ ತಲುಪುವ ಮೊದಲೇ ಪೊಲೀಸರು ಮಧ್ಯಪ್ರವೇಶಿಸುತ್ತಿದ್ದರು ಎಂಬುದು ಇದಕ್ಕೆ ಸಂಭವನೀಯ ವಿವರಣೆ. ಪೊಲೀಸ್ ದಾಖಲೆಯಲ್ಲಿನ ಏರಿಕೆ ಎಂದರೆ ಯಾವಾಗಲೂ ಅಪರಾಧದ ಏರಿಕೆಯೇ ಅಲ್ಲ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಇದಕ್ಕೆ ವ್ಯತಿರಿಕ್ತವಾದುದು ಲೀಸ್ಟರ್‌ಶೈರ್‌ನ 2007ರ ದುರಂತ. ಅಂಗವಿಕಲ ಮಗಳಿದ್ದ ಒಂದು ಕುಟುಂಬವನ್ನು ಬೀದಿಯ ಯುವಕರ ಗುಂಪು ವರ್ಷಗಟ್ಟಲೆ ಪೀಡಿಸಿತು. ಕುಟುಂಬವು 30ಕ್ಕೂ ಹೆಚ್ಚು ಬಾರಿ ಪೊಲೀಸರನ್ನು ಸಂಪರ್ಕಿಸಿತ್ತು. ಪ್ರತಿ ದೂರನ್ನೂ ಬಿಡಿ ಘಟನೆಯಾಗಿ, ಕ್ಷುಲ್ಲಕವೆಂಬಂತೆ ನೋಡಲಾಯಿತು. ಕೊನೆಗೆ ತಾಯಿ ತನ್ನ ಮತ್ತು ಮಗಳ ಜೀವವನ್ನು ಕೊನೆಗಾಣಿಸಿದರು. 2009ರ ಮರಣ ವಿಚಾರಣೆಯಲ್ಲಿ ಜ್ಯೂರಿಯು ಪೊಲೀಸರು ಮತ್ತು ಎರಡು ಕೌನ್ಸಿಲ್‌ಗಳ ವೈಫಲ್ಯವೂ ಈ ಸಾವುಗಳಿಗೆ ಕಾರಣವೆಂದು ಹೇಳಿತು. ಸಹಭಾಗಿತ್ವಗಳು ಕಾನೂನಿನ ಪ್ರಕಾರ ರಚನೆಯಾಗಿ ಆಗಲೇ ಎಂಟೊಂಬತ್ತು ವರ್ಷಗಳು ಸಂದಿದ್ದವು.

2014ರ ಕಾಯ್ದೆಯಲ್ಲಿ ಸೇರಿದ ಸಮುದಾಯ ಟ್ರಿಗರ್ ಇಂತಹ ವೈಫಲ್ಯಗಳಿಗೆ ನೀಡಿದ ಉತ್ತರ. ನಿಗದಿತ ಸಂಖ್ಯೆಯ ದೂರು ನೀಡಿದ ವ್ಯಕ್ತಿಯು, ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಬಾರಿ, ಎಲ್ಲ ಸಂಸ್ಥೆಗಳೂ ಒಟ್ಟಿಗೆ ಕುಳಿತು ತನ್ನ ಪ್ರಕರಣವನ್ನು ಮರುಪರಿಶೀಲಿಸಬೇಕೆಂದು ಕೋರಬಹುದು. ತೊಂದರೆಗೊಳಗಾದವರ ಪರವಾಗಿ ಬೇರೆಯವರೂ ಅರ್ಜಿ ಸಲ್ಲಿಸಬಹುದು. ಈ ಹಕ್ಕಿನ ಬಗ್ಗೆ ಜನರಿಗೆ ತಿಳಿವಳಿಕೆ ಕಡಿಮೆ ಎಂಬ ಆಕ್ಷೇಪ ಮುಂದುವರಿದಿದೆ.

ನಂತರದ ಬೆಳವಣಿಗೆಗಳು

2012ರ ನವೆಂಬರ್‌ನಲ್ಲಿ ಪೊಲೀಸ್ ಮತ್ತು ಅಪರಾಧ ಆಯುಕ್ತರ ಮೊದಲ ಚುನಾವಣೆ ನಡೆಯಿತು. ಅಲ್ಲಿಯವರೆಗೆ ಸಹಭಾಗಿತ್ವಗಳಿಗೆ ನೇರವಾಗಿ ತಲುಪುತ್ತಿದ್ದ ಕೇಂದ್ರದ ಅನುದಾನ ಆಯುಕ್ತರ ಕೈಸೇರಿತು. ಇದೇ ಅವಧಿಯ ಸರ್ಕಾರಿ ವೆಚ್ಚ ಕಡಿತದಿಂದ ಕೌನ್ಸಿಲ್‌ಗಳ ಯುವಜನ ಸೇವೆಗಳು ಕುಗ್ಗಿದವು. 2022ರ ಕಾಯ್ದೆಯು ಗಂಭೀರ ಹಿಂಸೆಯ ತಡೆಯನ್ನು ಪ್ರತ್ಯೇಕ ಶಾಸನಬದ್ಧ ಕರ್ತವ್ಯವಾಗಿಸಿತು. ಅದು 2023ರ ಜನವರಿ 31ರಂದು ಜಾರಿಗೆ ಬಂದಿತು.

ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಪ್ರತ್ಯೇಕ ವ್ಯವಸ್ಥೆಗಳಿವೆ. ಗ್ಲಾಸ್ಗೋ ನಗರದ ಚಾಕು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಪರಿಗಣಿಸಿ 2005ರಲ್ಲಿ ಸ್ಟ್ರಾತ್‌ಕ್ಲೈಡ್ ಪೊಲೀಸರು ಆರಂಭಿಸಿದ ಹಿಂಸಾ ನಿಯಂತ್ರಣ ಘಟಕವು ಮರುವರ್ಷ ಇಡೀ ಸ್ಕಾಟ್‌ಲೆಂಡಿಗೆ ವಿಸ್ತರಿಸಿತು.